ಸ್ಟ್ರೋಕ್ ಆದ ಮೇಲೆ ಗಂಡ ಹೆಂಡತಿಯ ಸುಖ: ಯಾವ ದಾರಿ ಯಾರಿಗೆ ಒಪ್ಪುತ್ತದೆ

ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ದಿನ ಡಾಕ್ಟರು ಬಹಳಷ್ಟು ಹೇಳಿ ಕಳಿಸುತ್ತಾರೆ. ಉಪ್ಪು ಕಡಿಮೆ ಮಾಡಿ. ಬಿಪಿ ಮಾತ್ರೆ ತಪ್ಪಿಸಬೇಡಿ. ಫಿಸಿಯೋಥೆರಪಿ ಬಿಡಬೇಡಿ. ಗಂಡ ಹೆಂಡತಿ ಮತ್ತೆ ಜೊತೆಯಲ್ಲಿ ಮಲಗಬಹುದಾ, ಸೇರಬಹುದಾ ಅನ್ನುವುದನ್ನು ಮಾತ್ರ ಹೇಳುವವರು ತೀರಾ ಕಡಿಮೆ. ಕೇಳೋಣ ಅಂದರೆ ಪಕ್ಕದಲ್ಲಿ ಮಗನೋ ಸೊಸೆಯೋ ನಿಂತಿರುತ್ತಾರೆ.

ಉತ್ತರ ಸಿಗದೆ ಮನೆಗೆ ಬಂದ ಮೇಲೆ ಊಹೆಗಳು ಶುರುವಾಗುತ್ತವೆ. ‘ಲಕ್ವ ಹೊಡೆದವರು ಸಂಸಾರ ಮಾಡಿದರೆ ಮತ್ತೊಂದು ಸಲ ಹೊಡೆಯುತ್ತದೆ’ ಎಂದು ನೋಡಲು ಬಂದವರು ಹೇಳಿ ಹೋಗುತ್ತಾರೆ. ನಾಟಿ ಔಷಧಿ ಕೊಡುವ ಕೆಲವರು ಪಥ್ಯದಲ್ಲಿ ಬದನೆಕಾಯಿ ಬೇಡ ಅಂದಂತೆ ಇದೂ ಬೇಡ ಅನ್ನುತ್ತಾರೆ. ‘ಜೀವ ಉಳಿದದ್ದೇ ಹೆಚ್ಚು, ಈ ವಯಸ್ಸಲ್ಲಿ ಅದೆಲ್ಲ ಯಾಕೆ’ ಅನ್ನುವವರೂ ಇದ್ದಾರೆ. ಈ ಕೊನೆಯ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. ಮೂವತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರನ್ನು ಕಾಯಿಲೆಯ ಹೆಸರಲ್ಲಿ ಬೇರೆ ಬೇರೆ ಕೋಣೆಗೆ ಕಳಿಸುವುದು ಸಣ್ಣ ವಿಷಯವೇ? ಅದೂ ಅಲ್ಲದೆ ಸ್ಟ್ರೋಕ್ ವಯಸ್ಸಾದವರಿಗಷ್ಟೇ ಬರುವುದಿಲ್ಲ. ನಲವತ್ತರ ಒಳಗಿನವರಿಗೂ ಬರುತ್ತದೆ.

1999ರಲ್ಲಿ ಫಿನ್‌ಲ್ಯಾಂಡಿನ ವೈದ್ಯರು 192 ಸ್ಟ್ರೋಕ್ ರೋಗಿಗಳನ್ನೂ 94 ಸಂಗಾತಿಗಳನ್ನೂ ಕೇಳಿ ಒಂದು ಅಧ್ಯಯನ ಪ್ರಕಟಿಸಿದರು. ಆಸೆ, ನಿಮಿರುವಿಕೆ, ಸುಖದ ತುದಿ ಮುಟ್ಟುವುದು, ಎಲ್ಲವೂ ಬಹಳ ಜನರಲ್ಲಿ ಕಡಿಮೆಯಾಗಿತ್ತು. ಕೈಕಾಲಿನ ಬಲ ಕುಂದಿದ್ದು ಒಂದು ಕಾರಣ. ಅದರ ಜೊತೆಗೇ ಕಂಡ ಕಾರಣಗಳು ‘ನನ್ನಿಂದ ಆಗುವುದಿಲ್ಲ’ ಅನ್ನುವ ಭಯ, ಲೈಂಗಿಕತೆಯ ಬಗ್ಗೆ ಮೊದಲಿನಿಂದ ಇದ್ದ ಧೋರಣೆ, ಮತ್ತು ಆ ವಿಷಯ ಇಬ್ಬರೂ ಕೂತು ಮಾತಾಡದೆ ಇದ್ದದ್ದು. ಈ ಬರಹದ ಕ್ರಮವನ್ನು ನಾನು ಹಾಕಿಕೊಂಡದ್ದು ಇದನ್ನು ಮನಸ್ಸಿನಲ್ಲಿಟ್ಟು. ಮಾತ್ರೆ, ಪಂಪು ಎಲ್ಲ ಆಮೇಲೆ. ಮೊದಲು ಭಯ, ಮಂಚ, ಮಾತು.

ಈಗಲೇ ಶುರು ಮಾಡುವುದಾ, ಕಾಯುವುದಾ

ಸೇರುವಾಗ ಹೃದಯದ ಮೇಲೆ ಬೀಳುವ ಭಾರ ಜನ ಅಂದುಕೊಂಡಷ್ಟು ಇಲ್ಲ. ಬಿರುಸಾಗಿ ನಡೆಯುವಾಗ ಅಥವಾ ಎರಡು ಮಹಡಿ ಮೆಟ್ಟಿಲು ಹತ್ತುವಾಗ ಬೀಳುವಷ್ಟು. ಎದೆ ನೋವು, ತುಂಬಾ ಏದುಸಿರು ಇಲ್ಲದೆ ಅಷ್ಟು ಮಾಡಬಲ್ಲವರಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಆದರೆ ಕಾಲಿಗೆ ಬಲವೇ ಇಲ್ಲದವರು ಮೆಟ್ಟಿಲು ಹತ್ತಿ ನೋಡುವುದು ಹೇಗೆ? ಅಂಥವರು ಫಿಸಿಯೋಥೆರಪಿಯ ಹೊತ್ತನ್ನು ನೋಡಿಕೊಳ್ಳಬೇಕು. ಬೆವರು ಬರುವಷ್ಟು ವ್ಯಾಯಾಮ ಮಾಡಿಸಿದಾಗ ಎದೆ ಹಿಡಿಯುತ್ತದಾ, ಬಿಪಿ ಎಷ್ಟಾಗುತ್ತದೆ ಎಂದು ಥೆರಪಿಸ್ಟನ್ನೇ ಕೇಳಿ. ಅವರ ಹತ್ತಿರ ಅಳೆಯುವ ಮಿಷನ್ ಇರುತ್ತದೆ.

ಯಾವ ಬಗೆಯ ಸ್ಟ್ರೋಕ್ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಆದ ಸ್ಟ್ರೋಕ್ ಆಗಿದ್ದು, ಸ್ಥಿತಿ ನೆಲೆಗೆ ಬಂದು, ಬಿಪಿ ಹಿಡಿತದಲ್ಲಿದ್ದರೆ ತಿಂಗಳುಗಟ್ಟಲೆ ಕಾಯಬೇಕೆಂಬ ನಿಯಮ ಇಲ್ಲ. ಮನೆಗೆ ಬಂದು ಕೆಲವು ವಾರಗಳಾದ ಮೇಲೆ, ಡಾಕ್ಟರು ಸರಿ ಅಂದರೆ, ಮನಸ್ಸಿದ್ದಾಗ ಶುರು ಮಾಡಬಹುದು. ಇದರಿಂದಲೇ ಇನ್ನೊಂದು ಸ್ಟ್ರೋಕ್ ಬರುವ ಸಂಭವ ಬಹಳ ಕಡಿಮೆ. ಆಸ್ಪಿರಿನ್, ಕ್ಲೊಪಿಡೋಗ್ರೆಲ್‌ನಂಥ ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಅದೂ ಅಡ್ಡಿ ಅಲ್ಲ.

ರಕ್ತನಾಳ ಒಡೆದು ಆದ ಸ್ಟ್ರೋಕ್‌ಗೆ ಮಾತು ಬೇರೆ. ಸೇರುವಾಗ ಬಿಪಿ ಸ್ವಲ್ಪ ಹೊತ್ತು ಏರುತ್ತದೆ. ಡಾಕ್ಟರು ಅನ್ಯೂರಿಸಂ ಎಂದು ಕರೆಯುವ ರಕ್ತನಾಳದ ಉಬ್ಬು ಇದ್ದು, ಅದನ್ನು ಮುಚ್ಚಲು ಇನ್ನೂ ಕ್ಲಿಪ್ಪೋ ಕಾಯ್ಲೋ ಹಾಕಿಲ್ಲದಿದ್ದರೆ ಕಾಯಲೇಬೇಕು. ಕುತ್ತಿಗೆಯ ರಕ್ತನಾಳದ ಪದರ ಸೀಳಿದವರು, ಮೆದುಳಿನ ಆಪರೇಷನ್ ಈಗಷ್ಟೇ ಆದವರು, ಬಿಪಿ ಇನ್ನೂ ಹಿಡಿತಕ್ಕೆ ಬಾರದವರು, ಸುಮ್ಮನೆ ಕೂತಾಗಲೂ ಎದೆ ನೋವು ಬರುವವರು ಕೂಡ ಅಷ್ಟೇ. ಇಲ್ಲಿ ನಮ್ಮ ಧೈರ್ಯಕ್ಕೆ ಬೆಲೆ ಇಲ್ಲ, ಸ್ಕ್ಯಾನ್ ನೋಡಿದ ನ್ಯೂರಾಲಜಿಸ್ಟ್ ಅಥವಾ ಸರ್ಜನ್ ಹೇಳಬೇಕು.

ಕಾಯಬೇಕು ಅಂದರೆ ಮುಟ್ಟಬಾರದು ಅಂತ ಅರ್ಥ ಅಲ್ಲ. ಕೈ ಹಿಡಿದು ಮಲಗುವುದು, ತಲೆ ಸವರುವುದು, ಅಪ್ಪಿಕೊಳ್ಳುವುದು ಮೊದಲ ದಿನದಿಂದಲೇ ಆಗಬಹುದು. ಎಷ್ಟೋ ಮನೆಗಳಲ್ಲಿ ಭಯಕ್ಕೆ ಇದೂ ನಿಂತುಹೋಗಿರುತ್ತದೆ. ನನಗೆ ಅತಿ ದೊಡ್ಡ ನಷ್ಟವಾಗಿ ಕಾಣುವುದು ಅದೇ.

ಸೇರುವ ಹೊತ್ತಿನ ನಡುವೆ ಮುಖ ಒಂದು ಕಡೆ ವಾರೆಯಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ, ಅಥವಾ ಜೀವನದಲ್ಲಿ ಎಂದೂ ಬಾರದಂಥ ತಲೆನೋವು ಸಿಡಿದಂತೆ ಬಂದರೆ ನಾಚಿಕೆ ಪಡುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಬೀಳಬೇಕು. ಆ ಹೊತ್ತಲ್ಲಿ ಏನು ಮಾಡುತ್ತಿದ್ದಿರಿ ಎಂದು ಯಾರಾದರೂ ಕೇಳಿದರೆ ನಿಜ ಹೇಳಿ. ಅದರಿಂದ ಚಿಕಿತ್ಸೆಗೆ ಅನುಕೂಲ.

ಯಾವ ಮಂಚ, ಯಾವ ಕೋಣೆ

ನಮ್ಮ ಮನೆಗಳಲ್ಲಿ ಕಾಯಿಲೆಯವರನ್ನು ಹಾಲ್‌ಗೆ ತರುವುದು ವಾಡಿಕೆ. ಬಾತ್‌ರೂಮ್ ಹತ್ತಿರ, ಟಿವಿ ಇದೆ, ಬಂದವರಿಗೆ ಮಾತಾಡಿಸಲು ಸುಲಭ, ಎಲ್ಲರ ಕಣ್ಣೂ ಇರುತ್ತದೆ. ಬಾಡಿಗೆಗೆ ತಂದ ಆಸ್ಪತ್ರೆ ಮಂಚ ಅಲ್ಲಿ ಬೀಳುತ್ತದೆ. ಹೆಂಡತಿ ಪಕ್ಕದಲ್ಲಿ ನೆಲಕ್ಕೆ ಚಾಪೆ ಹಾಸಿಕೊಂಡು ಮಲಗುತ್ತಾಳೆ. ಮೊದಲ ಕೆಲವು ವಾರಕ್ಕೆ ಇದು ಸರಿ. ರಾತ್ರಿ ಎದ್ದು ತಿರುಗಿಸಿ ಮಲಗಿಸಬೇಕು, ಬೆನ್ನಿಗೆ ಹುಣ್ಣಾಗದಂತೆ ನೋಡಬೇಕು. ಕಷ್ಟ ಎಲ್ಲಿ ಅಂದರೆ, ಆ ಮಂಚ ಆಮೇಲೆ ಅಲ್ಲಿಂದ ಏಳುವುದೇ ಇಲ್ಲ. ಬಾಗಿಲಿಲ್ಲದ ಜಾಗದಲ್ಲಿ ಯಾರೂ ಗಂಡ ಹೆಂಡತಿಯಾಗಿ ಇರಲಾರರು.

ಎರಡನೇ ದಾರಿ, ಆಸ್ಪತ್ರೆ ಮಂಚವನ್ನೇ ಮಲಗುವ ಕೋಣೆಗೆ ಒಯ್ದು ದಂಪತಿಗಳ ಮಂಚಕ್ಕೆ ತಾಗಿಸಿ ಹಾಕುವುದು. ತಲೆ ಕಡೆ ಎತ್ತಲು ಬರುತ್ತದೆ, ಆರೈಕೆಯೂ ನಿಲ್ಲುವುದಿಲ್ಲ. ನಡುವಿನ ಕಂಬಿ ಇಳಿಸಿದರೆ ಕೈ ಚಾಚಬಹುದು. ಎರಡು ಹಾಸಿಗೆಯ ಎತ್ತರ ಒಂದೇ ಮಟ್ಟಕ್ಕೆ ಬರುವಂತೆ ನೋಡಿ, ಚಕ್ರದ ಲಾಕ್ ಹಾಕಿ. ಇಲ್ಲದಿದ್ದರೆ ಮಂಚಗಳು ಸರಿದು ನಡುವೆ ಬೀಳುವ ಅಪಾಯ ಇದೆ.

ಮೂರನೆಯದು ಹಳೆಯ ಮಂಚಕ್ಕೇ ಮರಳುವುದು. ಆಸರೆ ಹಿಡಿದು ಎದ್ದು ಕೂರಲು ಬಂದವರಿಗೆ, ಮಗ್ಗುಲು ಬದಲಿಸಲು ಬಂದವರಿಗೆ ಇದೇ ಒಳ್ಳೆಯದು. ಕೂತಾಗ ಪಾದ ನೆಲಕ್ಕೆ ತಾಗುವ ಎತ್ತರ ಇರಬೇಕು. ತುಂಬಾ ಮೆತ್ತಗಿನ ಹಾಸಿಗೆಯಲ್ಲಿ ಬಲವಿಲ್ಲದ ಕಡೆ ಹೂತುಹೋಗುತ್ತದೆ, ಹೊರಳಲು ಆಗುವುದಿಲ್ಲ. ಗಟ್ಟಿ ಹತ್ತಿಯ ಹಾಸಿಗೆ ಸುಲಭ. ನನ್ನನ್ನು ಕೇಳಿದರೆ, ಫಿಸಿಯೋಥೆರಪಿಸ್ಟ್ ಒಪ್ಪಿದ ದಿನವೇ ಹಾಲ್‌ನಿಂದ ಕೋಣೆಗೆ ಹೋಗಿ. ಈ ಬರಹ ಓದಿ ಒಂದೇ ಒಂದು ಬದಲಾವಣೆ ಮಾಡಿಕೊಳ್ಳುವುದಾದರೆ ಇದನ್ನು ಮಾಡಿಕೊಳ್ಳಿ. ಮನೆಯ ಮಕ್ಕಳು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು: ಅಪ್ಪ ಅಮ್ಮ ಬಾಯಿಬಿಟ್ಟು ಕೇಳುವುದಿಲ್ಲ. ನೀವೇ ಮಂಚ ಒಳಗೆ ಸಾಗಿಸಿ, ಬಾಗಿಲಿಗೆ ಚಿಲಕ ಸರಿ ಮಾಡಿಸಿ, ಒಳಗೆ ಹೋಗುವ ಮುನ್ನ ತಟ್ಟಿ.

ಯಾವ ಮಗ್ಗುಲಲ್ಲಿ ಮಲಗುವುದು ಅನ್ನುವುದರಲ್ಲೂ ಆಯ್ಕೆ ಇದೆ. ಸ್ಟ್ರೋಕ್ ಆದ ಕೆಲವರಿಗೆ ಒಂದು ಕಡೆಯ ದೃಷ್ಟಿ ಹೋಗಿರುತ್ತದೆ. ಕೆಲವರಿಗೆ ಬಲವಿಲ್ಲದ ಕಡೆಗೆ ಗಮನವೇ ಹೋಗುವುದಿಲ್ಲ. ಆ ಕಡೆಯಿಂದ ಮುಟ್ಟಿದರೆ ಬೆಚ್ಚುತ್ತಾರೆ, ಅಥವಾ ಮುಟ್ಟಿದ್ದೇ ತಿಳಿಯುವುದಿಲ್ಲ. ಆಗ ಸಂಗಾತಿಗೆ ‘ನನ್ನ ಮೇಲೆ ಮನಸ್ಸೇ ಇಲ್ಲ’ ಅನ್ನಿಸುತ್ತದೆ. ಪಾಪ, ಅವರಿಗೆ ನಿಮ್ಮ ಕೈ ಅಲ್ಲಿರುವುದೇ ಗೊತ್ತಿಲ್ಲ. ಹಗಲು ಹೊತ್ತು ಬಲವಿಲ್ಲದ ಕಡೆಯಿಂದಲೇ ಮಾತಾಡಿಸಿ ಎಂದು ಥೆರಪಿಸ್ಟ್ ಹೇಳಿರಬಹುದು, ಅದು ಆ ಕಡೆಗೆ ಗಮನ ತರಿಸುವ ಅಭ್ಯಾಸ. ರಾತ್ರಿ ಜೊತೆಯಲ್ಲಿರುವಾಗ ಸ್ಪರ್ಶ ತಿಳಿಯುವ ಕಡೆಗೇ ಮಲಗಿ, ಸಣ್ಣ ದೀಪ ಹಚ್ಚಿಡಿ.

ಸ್ನಾನ ಮಾಡಿಸುವವರು ಯಾರು

ಇದಕ್ಕೂ ಆ ವಿಷಯಕ್ಕೂ ಏನು ಸಂಬಂಧ ಅನ್ನಿಸಬಹುದು. ಬಹಳ ಇದೆ. ಬೆಳಗ್ಗೆ ಮಲಮೂತ್ರ ತೆಗೆದು, ಸ್ನಾನ ಮಾಡಿಸಿ, ತುತ್ತು ಕೊಟ್ಟು, ಮಾತ್ರೆ ಎಣಿಸಿದ ಕೈಗೆ ರಾತ್ರಿ ಬೇರೆ ಭಾವ ಬರುವುದು ಕಷ್ಟ. ಪ್ರೀತಿ ಇದ್ದರೂ ಕಷ್ಟ. ಸ್ಟ್ರೋಕ್ ಆದವರಿಗೂ ‘ನಾನು ಇವಳಿಗೆ ಮಗುವಾಗಿಬಿಟ್ಟೆ’ ಅನ್ನುವ ಸಂಕೋಚ ಇರುತ್ತದೆ.

ಕೈಯಲ್ಲಿ ದುಡ್ಡಿದ್ದರೆ ಹೋಮ್ ನರ್ಸ್ ಇಡಬಹುದು. ದಿನವಿಡೀ ಬೇಡ, ಬೆಳಗಿನ ಸ್ನಾನ ಶೌಚಕ್ಕೆ ಬಂದು ಹೋಗುವವರು ಸಿಕ್ಕರೂ ಸಾಕು. ಇಪ್ಪತ್ತನಾಲ್ಕು ಗಂಟೆಯ ನರ್ಸ್ ಇಟ್ಟರೆ ಅವರು ಅದೇ ಕೋಣೆಯಲ್ಲಿ ಮಲಗುತ್ತಾರೆ, ಏಕಾಂತ ಹೋಗುತ್ತದೆ. ದುಡ್ಡಿಲ್ಲದಿದ್ದರೆ ಮಗನೋ ತಮ್ಮನೋ ವಾರದಲ್ಲಿ ಕೆಲವು ದಿನ ಆ ಕೆಲಸ ಹೊತ್ತುಕೊಳ್ಳಬಹುದು. ಹೆಂಗಸಿಗೆ ಸ್ಟ್ರೋಕ್ ಆಗಿದ್ದರೆ ಗಂಡ ಆರೈಕೆಗೆ ನಿಲ್ಲುವುದನ್ನು ನೋಡಿ ನೆಂಟರು ಮೆಚ್ಚುತ್ತಾರೆ, ಹೆಂಡತಿ ನಿಂತರೆ ಅದು ಅವಳ ಕೆಲಸ ಅಂದುಕೊಳ್ಳುತ್ತಾರೆ. ಅವಳಿಗೂ ಸುಸ್ತಾಗುತ್ತದೆ. ಆ ಸುಸ್ತಿನಲ್ಲಿ ಅವಳಿಗೆ ಆಸೆ ಇಲ್ಲದಿದ್ದರೆ ಅದನ್ನು ತಪ್ಪೆಂದು ಎಣಿಸಬಾರದು.

ಮಾತು ಹೋದವರ ಜೊತೆ ಹೇಗೆ ಕೇಳುವುದು

ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದವರಲ್ಲಿ ಅನೇಕರಿಗೆ ಮಾತು ಕೈಕೊಡುತ್ತದೆ. ಬುದ್ಧಿ ಇರುತ್ತದೆ, ಆಸೆ ಇರುತ್ತದೆ, ಹೇಳಲು ಪದ ಸಿಗುವುದಿಲ್ಲ. ಕೆಲವರಿಗೆ ‘ಹೂಂ’ ಮತ್ತು ‘ಉಹುಂ’ ಅದಲು ಬದಲಾಗುತ್ತದೆ. ಇಲ್ಲಿ ಬಾಯಿಮಾತನ್ನೇ ನಂಬಿದರೆ ಇಬ್ಬರಿಗೂ ನೋವಾಗಬಹುದು.

ಚಿತ್ರ ಬರೆದ ಚೀಟಿ, ಕೈಸನ್ನೆ, ಮೊಬೈಲಿನ ಚಿತ್ರ, ಈ ಮೂರರಲ್ಲಿ ನನಗೆ ಚೀಟಿಯೇ ಮೇಲು ಅನ್ನಿಸುತ್ತದೆ. ‘ಬೇಕು’, ‘ಬೇಡ’, ‘ನಿಲ್ಲಿಸು’, ‘ಸುಮ್ಮನೆ ಅಪ್ಪಿಕೊ’, ‘ನೋವು’, ಇಷ್ಟಕ್ಕೆ ಐದು ಚೀಟಿ ಮಾಡಿ ದಿಂಬಿನ ಪಕ್ಕ ಇಟ್ಟುಕೊಳ್ಳಬಹುದು. ಕೈಸನ್ನೆ ಬೇಗ ಆಗುತ್ತದೆ, ಆದರೆ ಬಲಗೈಗೇ ಬಲ ಇಲ್ಲದವರಿಗೆ ತಡವರಿಕೆ. ಮೊಬೈಲಿನ ಬೆಳಕು, ನೋಟಿಫಿಕೇಶನ್ ಎಲ್ಲ ಆ ಹೊತ್ತಿಗೆ ಕಿರಿಕಿರಿ. ಸ್ಪೀಚ್ ಥೆರಪಿಸ್ಟನ್ನು ಕೇಳಿದರೆ ಇಂಥ ಕಾರ್ಡ್ ಮಾಡಲು ನೆರವಾಗುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಹೋದವರಿಗೆ ಥೆರಪಿ ಕೊಡುತ್ತಾರೆ, ಕನ್ನಡದಲ್ಲೇ.

ಒಂದು ವಿಷಯದಲ್ಲಿ ರಾಜಿ ಬೇಡ. ಹೇಳಲು ಬಾರದವರು ಒಪ್ಪಿದ್ದಾರೆ ಎಂದು ತಾವೇ ಅಂದುಕೊಳ್ಳುವ ಹಾಗಿಲ್ಲ. ಮುಖ ತಿರುಗಿಸಿದರೆ, ಮೈ ಬಿಗಿದರೆ, ಕೈ ತಳ್ಳಿದರೆ ಅದು ಬೇಡ ಅಂತಲೇ. ಅನುಮಾನ ಬಂದರೆ ನಿಲ್ಲಿಸಿ.

ಹೇಗೆ ಮಲಗಿದರೆ ಹಗುರ

ಬಲವಿಲ್ಲದ ಮಗ್ಗುಲನ್ನು ಕೆಳಗೆ ಮಾಡಿ ಮಲಗಿದರೆ ಬಲವಿರುವ ಕೈ ಮೇಲಕ್ಕೆ ಬರುತ್ತದೆ. ಮುಟ್ಟಲು, ಸವರಲು ಅನುಕೂಲ. ಇದು ಹೆಚ್ಚಿನವರಿಗೆ ಒಪ್ಪುತ್ತದೆ. ಭುಜ ಮಾತ್ರ ಜೋಪಾನ. ಬಲವಿಲ್ಲದ ಕಡೆಯ ಭುಜದ ಕೀಲು ಸಡಿಲವಾಗಿರಬಹುದು, ಅದರ ತುದಿಯ ಮೇಲೆ ಭಾರ ಬೀಳಬಾರದು. ಭುಜವನ್ನು ಸ್ವಲ್ಪ ಮುಂದಕ್ಕೆ ತಂದು, ಬೆನ್ನಿಗೆ ಒಂದು ದಿಂಬು, ಕಾಲಿನ ನಡುವೆ ಇನ್ನೊಂದು ದಿಂಬು ಕೊಡಿ. ಆ ಕೈ ಹಿಡಿದು ಎಂದೂ ಎಳೆಯಬೇಡಿ. ಭುಜ ಆಗಲೇ ನೋಯುತ್ತಿದ್ದರೆ ಈ ಬಗೆ ಬಿಡಿ, ಬಲವಿರುವ ಮಗ್ಗುಲನ್ನು ಕೆಳಗೆ ಮಾಡಿ. ಕೈ ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಆದರೆ ನೋವಿಲ್ಲ.

ಸ್ಟ್ರೋಕ್ ಆದವರು ಅಂಗಾತ ಮಲಗಿ, ಸಂಗಾತಿ ಮೇಲೆ ಬರುವುದು ಎಲ್ಲಕ್ಕಿಂತ ಕಡಿಮೆ ದಣಿವಿನ ದಾರಿ. ಬಲವಿಲ್ಲದ ಮಂಡಿಯ ಕೆಳಗೆ, ಮೊಣಕೈ ಕೆಳಗೆ ದಿಂಬು ಇರಲಿ. ಭಾರ ಮೈಮೇಲೆ ಬೀಳದೆ ಸಂಗಾತಿಯ ಮಂಡಿಯ ಮೇಲೆ ಇರಬೇಕು. ಕೂತು ಸಮತೋಲ ಹಿಡಿಯಬಲ್ಲವರಿಗೆ ಕೈಹಿಡಿ ಇಲ್ಲದ ಗಟ್ಟಿ ಕುರ್ಚಿಯೂ ಆಗುತ್ತದೆ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಇಬ್ಬರೂ ಒಂದೇ ಕಡೆ ಮುಖ ಮಾಡಿ, ಒಬ್ಬರ ಬೆನ್ನಿಗೆ ಇನ್ನೊಬ್ಬರು ಒರಗಿ ಮಲಗುವುದು ಹೆಂಗಸಿಗೆ ಸ್ಟ್ರೋಕ್ ಆದಾಗ ತುಂಬಾ ಅನುಕೂಲ. ಕಾಲು ಅಗಲಿಸುವ ಕಷ್ಟ ಇಲ್ಲ.

ಕೈಕಾಲು ಸೆಟೆದುಕೊಳ್ಳುವವರು ಮೊದಲು ಬಿಸಿನೀರಿನ ಸ್ನಾನ ಮಾಡಿ, ಫಿಸಿಯೋ ಹೇಳಿಕೊಟ್ಟ ಹಾಗೆ ನಿಧಾನಕ್ಕೆ ಎಳೆದು ಸಡಿಲ ಮಾಡಿಕೊಂಡರೆ ಸಲೀಸು. ನೀರಿನ ಬಿಸಿಯನ್ನು ಬಲವಿರುವ ಕೈಯಲ್ಲೇ ನೋಡಬೇಕು, ಸ್ಪರ್ಶವಿಲ್ಲದ ಕಡೆ ಸುಟ್ಟರೂ ಗೊತ್ತಾಗುವುದಿಲ್ಲ. ಸೆಟೆತಕ್ಕೆ ಬ್ಯಾಕ್ಲೋಫೆನ್ ನುಂಗುತ್ತಿದ್ದರೆ ಅದರ ಹೊತ್ತನ್ನು ಹೇಗೆ ಹೊಂದಿಸಬಹುದು ಎಂದು ಡಾಕ್ಟರನ್ನು ಕೇಳಿ.

ಹೊತ್ತಿನ ಆಯ್ಕೆಯೂ ಮುಖ್ಯ. ಸ್ಟ್ರೋಕ್ ನಂತರದ ಸುಸ್ತು ಸಾಮಾನ್ಯ ಸುಸ್ತಲ್ಲ, ಸಂಜೆಯ ಹೊತ್ತಿಗೆ ಮೈಯೆಲ್ಲ ಬರಿದಾಗುತ್ತದೆ. ರಾತ್ರಿಯೇ ಆಗಬೇಕೆಂದು ಯಾರು ಹೇಳಿದರು? ಬೆಳಗಿನ ಜಾವ ಒಳ್ಳೆಯದು. ಎಲ್ಲರೂ ಆಫೀಸು ಸ್ಕೂಲಿಗೆ ಹೋದ ಮೇಲಿನ ಹನ್ನೊಂದು ಗಂಟೆಯೂ ಒಳ್ಳೆಯದೇ. ಹೊಟ್ಟೆ ತುಂಬಾ ಊಟ ಮಾಡಿದ್ದರೆ ಎರಡು ಗಂಟೆ ಬಿಡಿ. ಮೊದಲೇ ಮೂತ್ರಕ್ಕೆ ಹೋಗಿ ಬನ್ನಿ, ಕೆಳಗೆ ಒಂದು ಟವೆಲ್ ಹಾಸಿ. ಮೂತ್ರ ಹೋಗಲು ಹಾಕಿದ ಕೊಳವೆ, ಅಂದರೆ ಕ್ಯಾಥೆಟರ್ ಇದ್ದರೂ ಆಗುತ್ತದೆ. ಗಂಡಸರು ಕೊಳವೆಯನ್ನು ಶಿಶ್ನದ ಉದ್ದಕ್ಕೆ ಮಡಿಸಿ ಮೇಲೆ ಕಾಂಡೋಮ್ ಹಾಕಿಕೊಳ್ಳಬಹುದು, ಹೆಂಗಸರು ಹೊಟ್ಟೆಗೆ ಟೇಪ್ ಹಾಕಿ ಪಕ್ಕಕ್ಕೆ ಸರಿಸಬಹುದು. ಮೊದಲ ಸಲಕ್ಕೆ ಮುಂಚೆ ನರ್ಸ್ ಹತ್ತಿರ ತೋರಿಸಿಕೊಳ್ಳಿ.

ಪೂರ್ತಿ ಸೇರುವುದೇ ಗುರಿ ಆಗಬೇಕಿಲ್ಲ. ಕೈಯಿಂದ, ಬಾಯಿಂದ ಕೊಡುವ ಸುಖಕ್ಕೆ ದಣಿವು ಕಡಿಮೆ. ಸಂಗಾತಿ ಇಲ್ಲದವರಿಗೂ ಈ ಬರಹ ಸಲ್ಲುತ್ತದೆ: ಹಸ್ತಮೈಥುನದಿಂದ ಸ್ಟ್ರೋಕ್ ಬರುವುದಿಲ್ಲ, ಶಕ್ತಿ ಹೋಗುವುದಿಲ್ಲ. ಮೈಯಲ್ಲಿ ಏನು ಉಳಿದಿದೆ, ಎಲ್ಲಿ ಸ್ಪರ್ಶ ತಿಳಿಯುತ್ತದೆ ಎಂದು ತಿಳಿಯಲು ಅದು ನೆಮ್ಮದಿಯ ದಾರಿ.

ನಿಮಿರುವಿಕೆಗೆ ಏನು ಆರಿಸುವುದು

ಮೊದಲು ಒಂದು ಸಣ್ಣ ಗಮನಿಕೆ. ಬೆಳಗ್ಗೆ ಏಳುವಾಗ ತಾನಾಗಿ ನಿಮಿರಿರುತ್ತದಾ? ಹೌದಾದರೆ ನರ, ರಕ್ತನಾಳ ಕೆಲಸ ಮಾಡುತ್ತಿವೆ. ಅಡ್ಡಿ ಭಯದಲ್ಲೋ ದುಗುಡದಲ್ಲೋ ಇರಬಹುದು. ಇನ್ನು ಸ್ಟ್ರೋಕ್‌ಗಿಂತ ಮೊದಲೇ ಶುಗರ್, ಬಿಪಿ ಇದ್ದವರಿಗೆ ಅವುಗಳಿಂದಲೂ ಈ ತೊಂದರೆ ಬಂದಿರಬಹುದು.

ಹೊಸ ಮಾತ್ರೆ ಸೇರಿಸುವ ಮುನ್ನ ಹಳೆಯ ಮಾತ್ರೆ ನೋಡಿಸಿ. ಬಿಪಿ ಮಾತ್ರೆಗಳಲ್ಲಿ ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್‌ಗಳು, ಮೂತ್ರ ಹೆಚ್ಚು ಮಾಡುವ ಥಯಜೈಡ್ ಮಾತ್ರೆಗಳು ನಿಮಿರುವಿಕೆಗೆ ತೊಂದರೆ ಕೊಡಬಹುದು. ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ಆಮ್ಲೋಡಿಪಿನ್‌ಗಳಲ್ಲಿ ಈ ತೊಂದರೆ ಕಡಿಮೆ. ದುಗುಡಕ್ಕೆ ಕೊಡುವ ಫ್ಲೂಕ್ಸೆಟಿನ್, ಸರ್ಟ್ರಾಲಿನ್, ಎಸ್ಸಿಟಲೋಪ್ರಾಮ್ ಗಂಡಸು ಹೆಂಗಸು ಇಬ್ಬರಲ್ಲೂ ಆಸೆ ತಗ್ಗಿಸಬಹುದು, ಸುಖದ ತುದಿ ತಡ ಮಾಡಬಹುದು. ಮಿರ್ಟಜಪಿನ್‌ನಲ್ಲಿ ಅದು ಕಡಿಮೆ. ಬುಪ್ರೊಪಿಯಾನ್‌ನಲ್ಲೂ ಕಡಿಮೆಯೇ, ಆದರೆ ಸ್ಟ್ರೋಕ್ ನಂತರ ಫಿಟ್ಸ್ ಬಂದವರಿಗೆ ಅದು ಸಲ್ಲದು. ಇದನ್ನೆಲ್ಲ ಬರೆಯುತ್ತಿರುವುದು ನೀವು ಡಾಕ್ಟರ ಹತ್ತಿರ ಕೇಳಲಿ ಎಂದು. ತಾವಾಗಿ ಬಿಪಿ ಮಾತ್ರೆ ನಿಲ್ಲಿಸಿದರೆ ಎರಡನೇ ಸ್ಟ್ರೋಕ್ ಅನ್ನು ಕರೆದ ಹಾಗೆ.

ಆಮೇಲೂ ಬೇಕಾದರೆ ಸಿಲ್ಡೆನಾಫಿಲ್ ಅಥವಾ ಟಡಲಾಫಿಲ್. ಮೊದಲನೆಯದು ಒಂದು ಗಂಟೆ ಮುಂಚೆ ನುಂಗಬೇಕು, ನಾಲ್ಕೈದು ಗಂಟೆ ಕೆಲಸ ಮಾಡುತ್ತದೆ. ಜಿಡ್ಡಿನ ಊಟದ ಮೇಲೆ ನುಂಗಿದರೆ ತಡ. ಎರಡನೆಯದು 36 ಗಂಟೆಯವರೆಗೂ ಇರುತ್ತದೆ, ಊಟದ ಗೊಡವೆ ಇಲ್ಲ. ಗಡಿಯಾರ ನೋಡುವ ಒತ್ತಡ ಬೇಡ ಅನ್ನುವ, ಸುಸ್ತು ಯಾವಾಗ ಬರುತ್ತದೋ ಗೊತ್ತಿಲ್ಲದ ಸ್ಟ್ರೋಕ್ ರೋಗಿಗೆ ಟಡಲಾಫಿಲ್ ಅನುಕೂಲ ಅನ್ನಿಸುತ್ತದೆ. ಆದರೆ ಅಡ್ಡಪರಿಣಾಮ ಬಂದರೆ ಅದೂ ಅಷ್ಟು ಹೊತ್ತು ಇರುತ್ತದೆ. ಹಾಗಾಗಿ ಬಿಪಿ ಏರಿಳಿತ ಇರುವವರಿಗೆ ಮೊದಲ ಸಲಕ್ಕೆ ಕಡಿಮೆ ಪ್ರಮಾಣದ ಸಿಲ್ಡೆನಾಫಿಲ್‌ನಿಂದ ಶುರು ಮಾಡುವ ಡಾಕ್ಟರೂ ಇದ್ದಾರೆ. ಎರಡೂ ಆಸೆ ಹುಟ್ಟಿಸುವ ಮಾತ್ರೆಗಳಲ್ಲ, ಆಸೆ ಇದ್ದಾಗ ರಕ್ತ ಹರಿಯಲು ನೆರವಾಗುತ್ತವೆ. ಸ್ಟ್ರೋಕ್ ಆಗಿ ಆರು ತಿಂಗಳೊಳಗಿನವರನ್ನು ಈ ಮಾತ್ರೆಗಳ ಪರೀಕ್ಷೆಗಳಲ್ಲಿ ಸೇರಿಸಿರಲಿಲ್ಲ. ಅದಕ್ಕೇ ಆ ಅವಧಿಯಲ್ಲಿ ಡಾಕ್ಟರು ಸಾಮಾನ್ಯವಾಗಿ ಬೇಡ ಅನ್ನುತ್ತಾರೆ.

ಎದೆ ನೋವಿಗೆ ಸಾರ್ಬಿಟ್ರೇಟ್, ನೈಟ್ರೊಗ್ಲಿಸರಿನ್, ನಿಕೊರಾಂಡಿಲ್ ತೆಗೆದುಕೊಳ್ಳುವವರು ಇವೆರಡನ್ನೂ ಮುಟ್ಟಲೇಬಾರದು. ಬಿಪಿ ಪಾತಾಳಕ್ಕಿಳಿದು ಜೀವಕ್ಕೇ ಅಪಾಯ. ಮಾತ್ರೆ ನುಂಗಿದ ಮೇಲೆ ಎದೆ ನೋವು ಬಂದರೆ ಮನೆಯಲ್ಲಿರುವ ಸಾರ್ಬಿಟ್ರೇಟನ್ನು ನಾಲಿಗೆ ಕೆಳಗೆ ಇಡಬೇಡಿ. 108ರವರಿಗೆ, ಆಸ್ಪತ್ರೆಯವರಿಗೆ ನುಂಗಿದ ಮಾತ್ರೆಯ ಹೆಸರನ್ನು ಮೊದಲು ಹೇಳಿ. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ನುಂಗುವ ಹಿರಿಯರೂ ಡಾಕ್ಟರಿಗೆ ತಿಳಿಸಬೇಕು. ನಾಲ್ಕು ಗಂಟೆ ಕಳೆದರೂ ನಿಮಿರುವಿಕೆ ಇಳಿಯದಿದ್ದರೆ ತುರ್ತು ಚಿಕಿತ್ಸೆ ಬೇಕು.

ಮಾತ್ರೆ ಸಲ್ಲದವರಿಗೆ ವ್ಯಾಕ್ಯೂಮ್ ಪಂಪ್ ಇದೆ. ಗಾಳಿ ಎಳೆದು ರಕ್ತ ತುಂಬಿಸಿ, ಬುಡಕ್ಕೆ ರಿಂಗ್ ಹಾಕುವುದು. ಎದೆಯ ಮಾತ್ರೆಯ ಜೊತೆ ಜಗಳ ಇಲ್ಲ. ಆದರೆ ಕೈಯಿಂದ ಒತ್ತುವ ಪಂಪಿಗೆ ಎರಡು ಕೈ ಬೇಕು, ಒಂದೇ ಕೈ ಇರುವವರು ಬ್ಯಾಟರಿಯದನ್ನು ನೋಡಿ ಅಥವಾ ಸಂಗಾತಿಯ ನೆರವು ಪಡೆಯಿರಿ. ರಿಂಗ್ 30 ನಿಮಿಷಕ್ಕಿಂತ ಹೆಚ್ಚು ಇರಬಾರದು. ರಕ್ತ ತೆಳು ಮಾಡುವ ವಾರ್ಫರಿನ್‌ನಂಥ ಮಾತ್ರೆ ನುಂಗುವವರಿಗೆ ಬೇಗ ಕಂದು ಕಟ್ಟುತ್ತದೆ, ಕೇಳಿಯೇ ಬಳಸಿ. ಶಿಶ್ನಕ್ಕೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಯೂರಾಲಜಿಸ್ಟ್ ಹತ್ತಿರ ಸಿಗುತ್ತದೆ. ಕೈ ನಡುಗುವವರಿಗೆ, ರಕ್ತ ತೆಳು ಮಾಡುವ ಮಾತ್ರೆಯವರಿಗೆ ನನ್ನ ಮಟ್ಟಿಗೆ ಅದು ಕೊನೆಯ ಆಯ್ಕೆ.

ಗೋಡೆ ಮೇಲೆ ಜಾಹೀರಾತು ಬರೆಸಿ, ತಿಂಗಳಿಗೊಮ್ಮೆ ಲಾಡ್ಜ್‌ನಲ್ಲಿ ಕೂರುವವರ ಹತ್ತಿರ ದಯವಿಟ್ಟು ಹೋಗಬೇಡಿ. ಗಿಡಮೂಲಿಕೆ ಎಂದು ಮಾರುವ ಪುಡಿ, ಕ್ಯಾಪ್ಸೂಲ್‌ಗಳಲ್ಲಿ ಹೇಳದೆ ಸಿಲ್ಡೆನಾಫಿಲ್ ಬೆರೆಸಿರುವುದು ಹಲವು ದೇಶಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಎದೆಯ ಮಾತ್ರೆ ನುಂಗುವವರಿಗೆ ಅದು ವಿಷ.

ಹೆಂಗಸರಿಗೆ: ಒಣಗುವಿಕೆ, ಗರ್ಭನಿರೋಧ

ಒಣಗಿ ಉರಿಯಾದರೆ ಮೆಡಿಕಲ್ ಶಾಪ್‌ನಲ್ಲಿ ಸಿಗುವ ನೀರಿನಂಶದ ಲೂಬ್ರಿಕೆಂಟ್ ಜೆಲ್ ಒಳ್ಳೆಯದು. ಕೊಬ್ಬರಿ ಎಣ್ಣೆ ಕಾಂಡೋಮ್ ಜೊತೆ ಬೇಡ, ರಬ್ಬರ್ ಹರಿಯುತ್ತದೆ. ಮುಟ್ಟು ನಿಂತವರಿಗೆ ಯೋನಿಗೆ ಹಚ್ಚುವ ಹಾರ್ಮೋನ್ ಕ್ರೀಮ್ ಸಲ್ಲುತ್ತದಾ ಎಂದು ಸ್ತ್ರೀರೋಗ ತಜ್ಞರೇ ಹೇಳಬೇಕು. ಸ್ಟ್ರೋಕ್ ಆದ ವಿಷಯ ಅವರಿಗೆ ಗೊತ್ತಿರಲಿ.

ಗರ್ಭ ನಿಲ್ಲುವ ವಯಸ್ಸಿನವರಿಗೆ ಮುಂದಿನ ಮಾತು ಬಹಳ ಮುಖ್ಯ. ಸ್ಟ್ರೋಕ್ ಆದ ಹೆಂಗಸು ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ನುಂಗಬಾರದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಬಳಸಲೇಬಾರದ ಗುಂಪಿನಲ್ಲಿ ಇಟ್ಟಿದೆ. ಮಾಲಾ-ಎನ್, ಮಾಲಾ-ಡಿ ಎರಡರಲ್ಲೂ ಈಸ್ಟ್ರೊಜೆನ್ ಇದೆ. ಮೊದಲಿನಿಂದ ನುಂಗುತ್ತಿದ್ದರೆ ಇಂದೇ ಡಾಕ್ಟರಿಗೆ ಹೇಳಿ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್ ಕೂಡ ಸ್ಟ್ರೋಕ್ ಆದವರಿಗೆ ಸಾಮಾನ್ಯವಾಗಿ ಸಲ್ಲದು.

ಹಾರ್ಮೋನ್ ಇಲ್ಲದ ಕಾಪರ್-ಟಿ ಸುರಕ್ಷಿತ, ಅದರ 380ಎ ಎಂಬ ಬಗೆ ಹತ್ತು ವರ್ಷ ಇರುತ್ತದೆ. ರಕ್ತ ತೆಳು ಮಾಡುವ ಮಾತ್ರೆಯವರಿಗೆ ಮುಟ್ಟಿನ ಸ್ರಾವ ಇದರಿಂದ ಜಾಸ್ತಿ ಆಗಬಹುದು. ಅಂಥವರಿಗೆ ಕಾಪರ್-ಟಿಯ ಹಾಗೇ ಒಳಗೆ ಹಾಕುವ, ಸ್ರಾವ ಕಡಿಮೆ ಮಾಡುವ ಹಾರ್ಮೋನ್ ವಂಕಿ ಸರಿಹೋಗಬಹುದು, ಅದು ಡಾಕ್ಟರ ತೀರ್ಮಾನ. ಮಕ್ಕಳು ಸಾಕು ಅಂದುಕೊಂಡವರಿಗೆ ನನ್ನ ನೇರ ಸಲಹೆ ಗಂಡನ ಆಪರೇಷನ್. ಸ್ಟ್ರೋಕ್ ಆದ ಹೆಂಡತಿಯನ್ನು ಹೊಟ್ಟೆ ಆಪರೇಷನ್‌ಗೆ ಮಲಗಿಸುವುದಕ್ಕಿಂತ ಹೊಲಿಗೆ ಇಲ್ಲದ ವ್ಯಾಸೆಕ್ಟಮಿ ಎಷ್ಟೋ ಹಗುರ. ಮೂರು ತಿಂಗಳವರೆಗೆ, ವೀರ್ಯ ಪರೀಕ್ಷೆ ಸರಿ ಬರುವವರೆಗೆ ಕಾಂಡೋಮ್ ಬಿಡಬಾರದು, ಅಷ್ಟೇ. ವಾರ್ಫರಿನ್, ಫಿಟ್ಸ್‌ಗೆ ಕೊಡುವ ವಾಲ್ಪ್ರೋಯೇಟ್‌ನಂಥ ಮಾತ್ರೆ ನುಂಗುವಾಗ ಗರ್ಭ ನಿಂತರೆ ಮಗುವಿಗೆ ಕೇಡು. ಮಗು ಬೇಕಿದ್ದರೆ ಮೊದಲೇ ಮಾತಾಡಿ ಮಾತ್ರೆ ಬದಲಿಸಿಕೊಳ್ಳಬೇಕು.

ಒಬ್ಬರಿಗೆ ಬೇಕು, ಇನ್ನೊಬ್ಬರಿಗೆ ಬೇಡ

ಮೆದುಳಿನ ಮುಂಭಾಗಕ್ಕೆ ಪೆಟ್ಟಾದ ಕೆಲವರಲ್ಲಿ ಸಂಕೋಚ ಕಡಿಮೆಯಾಗಿ ಆಸೆ ಅತಿಯಾಗುತ್ತದೆ. ಎಲ್ಲರ ಎದುರು ಕೈ ಹಾಕುವುದು, ಹೋಮ್ ನರ್ಸನ್ನು ಮುಟ್ಟುವುದು, ರಾತ್ರಿಯಿಡೀ ಪೀಡಿಸುವುದು. ಇದು ಗುಣಗೇಡಿತನ ಅಲ್ಲ, ಮೆದುಳಿನ ಗಾಯ. ಹಾಗೆಂದು ಸಂಗಾತಿ ಸಹಿಸಿಕೊಂಡಿರಬೇಕಿಲ್ಲ. ಗಟ್ಟಿಯಾಗಿ ಬೇಡ ಅನ್ನಿ, ಗಮನ ಬೇರೆ ಕಡೆ ತಿರುಗಿಸಿ, ಬೇಕಾದರೆ ಆ ರಾತ್ರಿ ಬೇರೆ ಕೋಣೆಯಲ್ಲಿ ಮಲಗಿ. ನ್ಯೂರಾಲಜಿಸ್ಟ್ ಅಥವಾ ಸೈಕಿಯಾಟ್ರಿಸ್ಟ್‌ಗೆ ಹೇಳಿ, ಚಿಕಿತ್ಸೆ ಇದೆ. ಹೋಮ್ ನರ್ಸ್ ದೂರು ಹೇಳಿದರೆ ನಂಬಿ.

ಆಸೆ ಪೂರ್ತಿ ಹೋಗಿ, ಯಾವುದರಲ್ಲೂ ಮನಸ್ಸಿಲ್ಲದೆ, ಊಟ ನಿದ್ದೆಯೂ ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು. ಸ್ಟ್ರೋಕ್ ನಂತರ ಇದು ಬಹಳ ಸಾಮಾನ್ಯ. ಆಗ ಮೊದಲು ಅದಕ್ಕೆ ಚಿಕಿತ್ಸೆ.

ಯಾರನ್ನು ಕೇಳುವುದು

ಬಿಪಿ, ಸ್ಕ್ಯಾನ್, ‘ಈಗ ಸೇರಬಹುದಾ’ ಎಂಬ ಪ್ರಶ್ನೆಗೆ ನ್ಯೂರಾಲಜಿಸ್ಟ್. ಮಲಗುವ ಬಗೆ, ದಿಂಬು, ಸೆಟೆತಕ್ಕೆ ಫಿಸಿಯೋಥೆರಪಿಸ್ಟ್. ಮನೆಗೆ ಬಂದು ಗಂಟೆಗಟ್ಟಲೆ ಮೈ ಮುಟ್ಟಿ ಕೆಲಸ ಮಾಡಿಸುವ ಅವರ ಹತ್ತಿರ ಇದನ್ನು ಕೇಳುವುದು ಬಹಳ ಜನಕ್ಕೆ ಸುಲಭ. ನಿಮಿರುವಿಕೆ, ಕ್ಯಾಥೆಟರ್‌ಗೆ ಯೂರಾಲಜಿಸ್ಟ್. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ, ಪುನಶ್ಚೇತನ, ಮನೋರೋಗ ಮೂರೂ ಒಂದೇ ಆವರಣದಲ್ಲಿವೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಕೆಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ತೆರೆದಿವೆ, ದೂರದೂರಿನವರು ಅಲ್ಲಿ ವಿಚಾರಿಸಬಹುದು. ಮುಖ ತೋರಿಸಿ ಮಾತಾಡಲು ಆಗದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ದುಗುಡ, ಭಯ, ದಾಂಪತ್ಯದ ಮಾತಿಗೆ ಅದು ಸರಿ. ಮಾತ್ರೆ ಬದಲಿಸುವ ವಿಷಯಕ್ಕೆ ಮಾತ್ರ ಎದುರಿಗೆ ಹೋಗಿ.

2013ರಲ್ಲಿ ಅಮೆರಿಕದ ಹಾರ್ಟ್ ಅಸೋಸಿಯೇಷನ್, ಹೃದ್ರೋಗಿಗಳಿಗೂ ಸ್ಟ್ರೋಕ್ ಆದವರಿಗೂ ಅವರ ಸಂಗಾತಿಗಳಿಗೂ ಈ ವಿಷಯದಲ್ಲಿ ಸಲಹೆ ಕೊಡುವುದು ಚಿಕಿತ್ಸೆಯ ಭಾಗ ಎಂದು ವೈದ್ಯರಿಗೆ ತಿಳಿಸಿತು. ಹಾಗಾಗಿ ಕೇಳಿದರೆ ಡಾಕ್ಟರು ಏನಂದುಕೊಳ್ಳುತ್ತಾರೋ ಎಂಬ ಅಳುಕು ಬೇಡ. ಬಾಯಿ ಬರದಿದ್ದರೆ ಒಂದು ಚೀಟಿಯಲ್ಲಿ ಬರೆದು ಫೈಲಿನ ಮೇಲೆ ಇಡಿ: ‘ನಾವು ಗಂಡ ಹೆಂಡತಿ ಸೇರಬಹುದಾ? ಈಗಿನ ಮಾತ್ರೆಗಳಿಂದ ಅದಕ್ಕೆ ತೊಂದರೆ ಇದೆಯಾ? ಐದು ನಿಮಿಷ ನಾವಿಬ್ಬರೇ ನಿಮ್ಮ ಹತ್ತಿರ ಮಾತಾಡಬೇಕು.’ ಜೊತೆಗೆ ಬಂದ ಮಗನನ್ನು ಆ ಹೊತ್ತಿಗೆ ಮೆಡಿಕಲ್ ಶಾಪ್‌ಗೆ ಮಾತ್ರೆ ತರಲು ಕಳಿಸಿ.